ತಂತಿ ಬಿಟ್ಟು ಬಾ

ನಮ್ಮ ಅತ್ತಿಗೆಗೆ ಒಂದು ಕಾಯಿಲೆ ಇದೆ. ಕಣ್ಣಿಗೆ ಬಿದ್ದದ್ದನ್ನು ಸುಮ್ಮನೆ ಬಿಡಲಾರಳು. ನೀಲಿ ಸೋಪಿನ ನೊರೆಯೂ ಬಿಳಿಯಾಗಿಯೇ ಇರುತ್ತದಲ್ಲ, ಅದರ ನೀಲಿ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಬಟ್ಟೆ ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ, ನೀರಿಗೆ ಬಣ್ಣವೇ ಇಲ್ಲ, ಹಾಗಾದರೆ ಅದು ಎಲ್ಲಿಂದ ಬಂತು ಎಂದು ಕೇಳುತ್ತಾಳೆ. ನಾನು ಇಸ್ತ್ರಿ ಮಾಡುವವನು. ಬಿಸಿ ಪೆಟ್ಟಿಗೆ ಹಿಡಿದು ಮೇಜಿನ ಮುಂದೆ ನಿಂತವನು ಕೆಲಸ ಬಿಟ್ಟು ಓಡಿಹೋಗುವ ಹಾಗಿಲ್ಲ. ಅದಕ್ಕೇ ಇಪ್ಪತ್ತೆರಡು ವರ್ಷದಿಂದ ಅವಳು ನನ್ನ ತಲೆ ತಿನ್ನುತ್ತಿದ್ದಾಳೆ. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಹಾಗಾಗಿ ನಮ್ಮಿಬ್ಬರಲ್ಲಿ ಯಾರು ಯಾರಿಗೆ ಮರ್ಯಾದೆ ಕೊಡಬೇಕು ಎಂಬುದು ಈವರೆಗೂ ಇತ್ಯರ್ಥವಾಗಿಲ್ಲ. ನಾನು ಅವಳಿಗೆ ಪ್ರಶ್ನೆಪೆಟ್ಟಿಗೆ ಎಂದು ಹೆಸರಿಟ್ಟೆ. ಅವಳು ನನಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ನಮ್ಮದು ಬಟ್ಟೆ ಒಗೆಯುವ ಮನೆ. ಊರಿನ ಅಂಚಿನಲ್ಲಿ, ರೈಲು ಹಳಿಯ ಪಕ್ಕಕ್ಕೆ, ತಗಡಿನ ಮಾಡಿನ ಕೆಳಗೆ ಒಗೆಯುವ ಜಾಗ. ಅದಕ್ಕೆ ಅಂಟಿಕೊಂಡು ಇಟ್ಟಿಗೆ ಗೋಡೆಯ ನನ್ನ ಇಸ್ತ್ರಿ ಕೋಣೆ. ಹಿಂದುಗಡೆ ಬಟ್ಟೆ ಒಣಗಿಸುವ ಬಯಲು. ಅಲ್ಲಿ ಮರದ ಕಂಬಗಳ ಮೇಲೆ ಬಿಗಿದ ಹನ್ನೆರಡು ಕಬ್ಬಿಣದ ತಂತಿಗಳು, ಒಂದೊಂದೂ ನೂರು ಹೆಜ್ಜೆ ಉದ್ದ. ಬಿಸಿಲಿಗೆ ಅಡ್ಡ ಬರುತ್ತವೆಂದು ಸುತ್ತಲಿನ ಮರಗಳನ್ನು ಅಪ್ಪನೇ ನಿಂತು ಕಡಿಸಿದ್ದ. ಅಣ್ಣ ಒಗೆಯುತ್ತಾನೆ, ಅತ್ತಿಗೆ ಒಣಹಾಕುತ್ತಾಳೆ, ನಾನು ಇಸ್ತ್ರಿ ಮಾಡಿ ಮಡಿಸುತ್ತೇನೆ. ಒಣಗಿದ್ದನ್ನು ತೆಗೆಯುವಾಗ ಮಾತ್ರ ಅಣ್ಣನೂ ಬಯಲಿಗೆ ಬರುತ್ತಾನೆ. ಆಸ್ಪತ್ರೆಯ ಹಾಸುಬಟ್ಟೆಗಳೇ ನಮ್ಮ ಮುಖ್ಯ ಕೆಲಸ.

ಒಗೆದ ಬಟ್ಟೆ ಮಳೆಯಲ್ಲಿ ನೆನೆಯಬಾರದು. ಇದು ನಮ್ಮ ಮನೆಯ ಮರ್ಯಾದೆಯ ವಿಷಯ. ಅಪ್ಪನ ಕಾಲದಿಂದಲೂ ನಮ್ಮ ತಂತಿಯ ಮೇಲೆ ಒಂದು ಕರವಸ್ತ್ರ ಕೂಡ ನೆಂದದ್ದಿಲ್ಲ ಎಂದು ಅಣ್ಣ ಕಂಡಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಹಾಗಾಗಿ ಮೋಡ ಕಟ್ಟಿ ಗುಡುಗಿತೆಂದರೆ ಲೋಕದವರೆಲ್ಲ ಬಯಲಿನಿಂದ ಮನೆಯೊಳಕ್ಕೆ ಓಡುತ್ತಾರೆ. ನಾವು ಮನೆಯಿಂದ ಬಯಲಿಗೆ ಓಡುತ್ತಿದ್ದೆವು. ಇದಕ್ಕೆ ನಮ್ಮಲ್ಲಿ ಮಳೆ ಓಟ ಎಂದು ಹೆಸರು. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಓಡಬೇಕು, ಓಡುವ ಮೊದಲು ಕೈಯನ್ನೂ ತೊಳೆಯಬೇಕು. ತೊಳೆಯದೆ ಬಟ್ಟೆ ಮುಟ್ಟಿದರೆ ಅದಕ್ಕೆ ಬೈಗುಳ ಬೇರೆ. ಮೊದಲು ಬಂದವನು ತಂತಿಯುದ್ದಕ್ಕೂ ಓಡುತ್ತ ಬಟ್ಟೆ ಕಿತ್ತು ಹೆಗಲಿಗೆ ಹಾಕಿಕೊಳ್ಳುವುದು, ಎದುರಿಗೆ ಬಂದವರ ತೋಳಿಗೆ ರಾಶಿಯನ್ನು ಎಸೆಯುವುದು, ಅವರು ಅದನ್ನು ಹೊತ್ತು ಕೋಣೆಗೆ ಓಡುವುದು. ಚಿಕ್ಕಂದಿನಿಂದ ಆಡಿದ ಆಟವಾದ್ದರಿಂದ ನಮಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಅಣ್ಣನಿಗೆ ಕಿವಿ ಕೇಳುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಜ್ವರ ಬಂತು. ಜೀವ ಉಳಿಸಿ ಕಿವಿ ತೆಗೆದುಕೊಂಡು ಹೋಯಿತು. ಮಾತು ಇದೆ. ಆದರೆ ತನ್ನ ದನಿ ತನಗೇ ಕೇಳದ್ದರಿಂದ, ಎದುರಿಗೆ ಕೂತವರಿಗೂ ಹಳಿಯಾಚೆ ಇರುವವರಿಗೂ ಒಂದೇ ಜೋರು. ಮುಂದೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಬೆನ್ನು ತಿರುಗಿಸಿದನೆಂದರೆ ಮುಗಿಯಿತು, ಯಾರು ಗಂಟಲು ಹರಿದುಕೊಂಡರೂ ಅಷ್ಟೇ.

ಮದುವೆಯಾಗಿ ಬಂದ ಹೊಸತರಲ್ಲೇ ಅತ್ತಿಗೆ ಅದಕ್ಕೊಂದು ದಾರಿ ಹುಡುಕಿದಳು. ಅವನು ಬಯಲಿನ ಆ ತುದಿಯಲ್ಲಿ ಬಟ್ಟೆ ತೆಗೆಯುತ್ತಿದ್ದರೆ, ಈ ತುದಿಯಲ್ಲಿ ಅವಳು ತಂತಿಯನ್ನು ಬೆರಳಿನಿಂದ ಮೀಟುತ್ತಿದ್ದಳು. ನೂರು ಹೆಜ್ಜೆ ಆಚೆ ಅವನ ಕೈಗೆ ಅದು ಗೊತ್ತಾಗುತ್ತಿತ್ತು. ಕೈಯ ಕೆಲಸ ನಿಲ್ಲಿಸಿ, ತಂತಿಯನ್ನು ಗಟ್ಟಿಯಾಗಿ ಹಿಡಿದು, ಎಷ್ಟು ಸಲ ಎಂದು ಎಣಿಸುತ್ತಿದ್ದ. ಒಂದು ಸಲ ಎಂದರೆ ತಿರುಗಿ ನೋಡು. ಎರಡು ಸಲ ಎಂದರೆ ಬಾ. ಮೂರು ಸಲ ಎಂದರೆ ಊಟ ತಣ್ಣಗಾಗುತ್ತಿದೆ. ಇನ್ನೂ ಕೆಲವು ಇದ್ದವು, ಅವುಗಳ ಅರ್ಥ ನನಗೆ ಹೇಳಿರಲಿಲ್ಲ. ಆದರೆ ಆ ತುದಿಯಲ್ಲಿ ಅಣ್ಣ ಒಬ್ಬನೇ ನಗುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಮೂರು ವರ್ಷದ ಹಿಂದೆ, ಬೇಸಿಗೆ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ನಮ್ಮ ತಲೆಯ ಮೇಲೆ ಚುರುಗುಟ್ಟುವ ಬಿಸಿಲಿತ್ತು. ಮೋಡ ಇದ್ದದ್ದು ಹಳಿಯಾಚೆ. ಅತ್ತಿಗೆ ಏಳನೆಯ ತಂತಿಗೆ ಕ್ಲಿಪ್ಪು ಹಾಕುತ್ತಿದ್ದಳು. ಅಷ್ಟರಲ್ಲಿ ಹಳಿಯಾಚೆಯ ನೀರಿನ ಟ್ಯಾಂಕಿಗೆ ಸಿಡಿಲು ಬಡಿಯಿತು. ಅವಳು ಕೈ ಕೊಡವಿಕೊಳ್ಳುತ್ತ ನನ್ನ ಕೋಣೆಗೆ ಬಂದಳು. ಏನಾಯಿತೆಂದು ನಾನು ಕೇಳುವ ಮೊದಲೇ ಅವಳೇ ಕೇಳಿದಳು.

"ಮೊದಲು ಕೈಗೆ ಬಡೀತು. ಮೊಣಕೈಯಿಂದ ಹಲ್ಲಿನ ತನಕ ಜುಂ ಅಂತು. ಶಬ್ದ ಆಮೇಲೆ ಬಂತು. ಯಾಕೆ?"

"ಮೊದಲು ಕೂತ್ಕೋ. ನೀರು ಕುಡಿ."

"ಟ್ಯಾಂಕು ಎಲ್ಲಿ, ನಾನೆಲ್ಲಿ. ನನ್ನ ತಲೆ ಮೇಲೆ ಬಿಸಿಲಿತ್ತು. ಅಲ್ಲಿ ಹೊಡೆದಿದ್ದು ಇಲ್ಲಿ ನನಗ್ಯಾಕೆ ಬಡೀಬೇಕು?"

"ಬದುಕಿದ್ದೀಯಲ್ಲ, ಬಿಡು" ಎಂದೆ. ಬಿಡುವವಳಾಗಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮರುವಾರ ಬೀದಿಯ ವಿದ್ಯುತ್ ಕಂಬ ಹತ್ತಿದ್ದ ಲೈನ್‌ಮ್ಯಾನ್ ಕೆಳಗಿಳಿಯುವ ತನಕ ಅವಳು ಬುಟ್ಟಿ ಹಿಡಿದು ಕಾದಳು. ಇಳಿದವನನ್ನು ಕರೆದುಕೊಂಡು ಬಂದು ಬಯಲು ತೋರಿಸಿದಳು. ಆತ ಹನ್ನೆರಡು ತಂತಿಗಳನ್ನೂ ನೋಡಿ ತಲೆ ಕೆರೆದುಕೊಂಡ.

"ಉದ್ದ ತಂತಿ ಅಂದ್ರೆ ಸಿಡಿಲಿಗೆ ರಸ್ತೆ ಹಾಕಿ ಕೊಟ್ಟ ಹಾಗೆ ಅಕ್ಕಾ. ತಂತಿ ಮೇಲೇ ಬೀಳಬೇಕು ಅಂತಿಲ್ಲ. ಹತ್ತಿರ ಎಲ್ಲಾದ್ರೂ ಬಿದ್ರೂ ಇದರಲ್ಲಿ ಕರೆಂಟು ಏಳುತ್ತೆ. ನಿಮಗೆ ಆವತ್ತು ಸಿಕ್ಕಿದ್ದು ಅದರ ಎಂಜಲು. ಪೂರ್ತಿ ಊಟ ಸಿಕ್ಕಿದ್ರೆ ನೀವು ನನ್ನ ಕೇಳೋಕೆ ಬರ್ತಿರಲಿಲ್ಲ."

"ಕಬ್ಬಿಣ ಸಿಡಿಲನ್ನ ಎಳೆಯುತ್ತೆ ಅಂತಾರಲ್ಲ?"

"ಎಳೆಯೋದಕ್ಕಿಂತ ಹೊತ್ಕೊಂಡು ಬರೋದು ಜಾಸ್ತಿ. ಸಿಡಿಲಿಗೆ ಕಣ್ಣಿರೋದು ಎತ್ತರದ ಮೇಲೆ. ಒಂಟಿಯಾಗಿ ನಿಂತಿರೋದರ ಮೇಲೆ."

"ನಮ್ಮ ಬಯಲಲ್ಲಿ ಎತ್ತರ ಯಾವುದು?"

ಆತ ಸುತ್ತ ನೋಡಿದ. ಕಂಬ ನೋಡಿದ. ಮರವಿಲ್ಲದ ಆಕಾಶ ನೋಡಿದ. "ಕಂಬ. ಆಮೇಲೆ ನೀವು" ಎಂದ.

ನಾನು ನನಗೆ ಗೊತ್ತಿದ್ದದ್ದನ್ನು ಹೇಳಿ ಅವಳ ಬಾಯಿ ಮುಚ್ಚಿಸಲು ನೋಡಿದೆ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು ಎಂದೆ. ಅವಳು ಬಗ್ಗಿ ನನ್ನ ಚಪ್ಪಲಿಯನ್ನು ಬೆರಳಿನಿಂದ ಅಳೆದಳು.

"ಮೋಡದಿಂದ ಇಲ್ಲೀತನಕ ಗಾಳಿ ಸೀಳ್ಕೊಂಡು ಬರುತ್ತೆ. ಇಷ್ಟು ದೂರ ಬಂದಿದ್ದು ನಿನ್ನ ಈ ಅರ್ಧ ಬೆರಳು ದಪ್ಪದ ಚಪ್ಪಲಿ ನೋಡಿ ವಾಪಸ್ ಹೋಗುತ್ತಾ?"

ಅಂದಿನಿಂದ ನನಗೆ ಆ ಚಪ್ಪಲಿಯ ಮೇಲಿನ ಗೌರವ ಕಡಿಮೆಯಾಯಿತು.

ಪ್ರತಿ ವಾರ ಹಾಸುಬಟ್ಟೆ ಎಣಿಸಿಕೊಳ್ಳಲು ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಬರುತ್ತಿದ್ದರು. ಅವರ ಹತ್ತಿರ ಅತ್ತಿಗೆ ಸಿಡಿಲು ಬಡಿದವರ ವಿಷಯ ತೆಗೆದಳು. ಅವರು ಎಣಿಕೆ ಬಿಟ್ಟು ಕೂತರು. ಮಳೆಗೆಂದು ಮರದ ಕೆಳಗೆ ನಿಂತಿದ್ದ ಇಬ್ಬರನ್ನು ಒಮ್ಮೆ ತಂದಿದ್ದರಂತೆ. ಮರಕ್ಕೆ ಬಡಿದದ್ದು ಮರದಿಂದ ಹಾರಿ ಅವರ ಮೈಗೆ ಬಂದಿತ್ತು. ಹತ್ತು ಹೆಜ್ಜೆ ದೂರ ಕೂತಿದ್ದ ಮೂರನೆಯವನಿಗೆ ನೆಲದಿಂದಲೇ ಬಡಿದಿತ್ತು.

"ಮುಟ್ಟಿದ್ರೆ ನಮಗೂ ಹೊಡೆಯುತ್ತೆ ಅಂತ ಯಾರೂ ಹತ್ತಿರ ಹೋಗಿರಲಿಲ್ಲ" ಎಂದರು ನರ್ಸಮ್ಮ. "ಬಡಿದವರ ಮೈಯಲ್ಲಿ ಏನೂ ಉಳಿದಿರಲ್ಲ. ಉಸಿರು ನಿಂತಿದ್ರೆ ಕೂಡಲೇ ಎದೆ ಒತ್ತೋಕೆ ಶುರು ಮಾಡಬೇಕು. ಆಸ್ಪತ್ರೆಗೆ ಬರೋ ತನಕ ಕಾದರೆ ಆಯ್ತು ಕಥೆ."

ಹೇಗೆ ಒತ್ತುವುದು ಎಂದು ಅತ್ತಿಗೆ ಕೇಳದೆ ಇರುತ್ತಾಳೆಯೇ. ನಾನು ಆಗಷ್ಟೇ ಇಸ್ತ್ರಿ ಮಾಡಿ ಜೋಡಿಸಿಟ್ಟ ಹೊದಿಕೆಗಳ ರಾಶಿಯ ಮೇಲೆ ಇಬ್ಬರೂ ಎರಡೂ ಕೈ ಇಟ್ಟು ಒತ್ತಿ ಒತ್ತಿ ಅಭ್ಯಾಸ ಮಾಡಿದರು. ಹೋಗುವ ಮೊದಲು ನರ್ಸಮ್ಮ ಇನ್ನೊಂದು ಮಾತು ಹೇಳಿದರು. ಮಿಂಚು ಕಂಡ ಮೇಲೆ ಮೂವತ್ತು ಸೆಕೆಂಡು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬಾರದು.

ಬೇರೆ ಯಾರಾದರೂ ಆಗಿದ್ದರೆ ಸರಿ ಎಂದು ತಲೆಯಾಡಿಸುತ್ತಿದ್ದರು. ಇವಳಿಗೆ ಮೂವತ್ತು ಏಕೆ, ಇಪ್ಪತ್ತೊಂಬತ್ತು ಏಕಲ್ಲ ಎಂಬ ಹುಳ ತಲೆಗೆ ಹೊಕ್ಕಿತು. ನಮ್ಮ ಬಯಲಿನಿಂದ ನೋಡಿದರೆ ಹಳಿಯ ಗುಂಟ ದೂರದಲ್ಲಿ ಒಂದು ಕಲ್ಲುಗಣಿ ಕಾಣುತ್ತದೆ. ದಿನಾ ಮಧ್ಯಾಹ್ನ ಅಲ್ಲಿ ಬಂಡೆ ಸಿಡಿಸುತ್ತಾರೆ. ಅತ್ತಿಗೆ ನನ್ನ ಕೋಣೆಯ ಗೋಡೆ ಗಡಿಯಾರವನ್ನು ಇಳಿಸಿಕೊಂಡು ಹೋಗಿ ಬಾಗಿಲಲ್ಲಿ ಕೂತಳು. ದೂಳು ಏಳುವುದು ಕಾಣಿಸಿದ ಕ್ಷಣದಿಂದ ಶಬ್ದ ಕೇಳುವ ತನಕ ಸೆಕೆಂಡಿನ ಮುಳ್ಳು ನೋಡಿದಳು. ಆರು. ಮರುದಿನವೂ ಆರು. ಎಂಟು ದಿನವೂ ಆರು. ಒಂದು ರಜೆಯ ದಿನ ಹಳಿಯ ಪಕ್ಕದ ಕಾಲುದಾರಿಯಲ್ಲಿ ಗಣಿಯ ತನಕ ನಡೆದು ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ಬಂದಳು. ಎರಡು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದ ನನ್ನ ಬಾಗಿಲಿನ ಮೇಲೆ ಬರೆದಳು: ಮೂರಕ್ಕೆ ಒಂದು.

"ಮೂವತ್ತು ಅಂದ್ರೆ ಹತ್ತು ಕಿಲೋಮೀಟರ್" ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು.

"ಹತ್ತು ಕಿಲೋಮೀಟರ್ ಆಚೆಯದು ನಮಗೇನು ಮಾಡುತ್ತೆ? ಅಷ್ಟು ದೂರದ್ದಕ್ಕೆಲ್ಲ ಒಳಗೆ ಕೂತರೆ ಹೊಟ್ಟೆಗೆ ಏನು ತಿನ್ನೋದು?"

"ಈ ಮಿಂಚು ಅಲ್ಲಿ. ಮುಂದಿನದು ಎಲ್ಲಿ ಅಂತ ಮೋಡ ನಿನಗೆ ಚೀಟಿ ಬರೆದು ಕಳಿಸುತ್ತಾ?"

ಹೀಗೆ ನಮ್ಮ ಪ್ರಶ್ನೆಪೆಟ್ಟಿಗೆ ಅಪ್ಪಣೆ ಕೊಡಲು ಶುರು ಮಾಡಿತು. ಗುಡುಗು ಮೂವತ್ತರೊಳಗೆ ಬಂದರೆ ಮಳೆ ಓಟ ಇಲ್ಲ. ತಗಡಿನ ಮಾಡಿನ ಕೆಳಗೆ ನಿಲ್ಲುವಂತಿಲ್ಲ, ಅದಕ್ಕೆ ಗೋಡೆಯಿಲ್ಲ. ಎಲ್ಲರೂ ಇಟ್ಟಿಗೆ ಕೋಣೆಯೊಳಗೆ ಬಂದು ಬಾಗಿಲು ಹಾಕಬೇಕು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತಿಡಬೇಕು, ನಲ್ಲಿ ಮುಟ್ಟಬಾರದು. ಅರ್ಧ ಇಸ್ತ್ರಿಯಾದ ಅಂಗಿಯ ಮೇಲೆ ನನ್ನ ಪೆಟ್ಟಿಗೆ ತಣ್ಣಗಾದಾಗಲೆಲ್ಲ ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಮೋಡವಿದ್ದಾಗ ತಂತಿ ಮೀಟುವುದನ್ನೂ ಅವಳು ನಿಲ್ಲಿಸಿದಳು.

ಇದರಲ್ಲಿ ಒಂದೂ ಅಣ್ಣನ ಮುಂದೆ ನಡೆಯಲಿಲ್ಲ. ಅವನ ಎದುರು ಕೂತು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಕಲ್ಲುಗಣಿಯ ದೂಳು, ಎರಡು ಕಿಲೋಮೀಟರ್ ಕಲ್ಲು, ಮರದ ಕೆಳಗಿನ ಇಬ್ಬರು. ಅವನು ತುಟಿ ನೋಡುತ್ತ ಕೂತು, ಕೊನೆಗೆ ತನ್ನ ಒಂದೇ ದನಿಯಲ್ಲಿ ಹೇಳಿದ:

"ನಂಗೆ ಗುಡುಗೇ ಕೇಳಲ್ಲ. ನಂಗ್ಯಾಕೆ ಈ ಲೆಕ್ಕ?"

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. ಅವಳ ಕುತೂಹಲಕ್ಕೆ ಭಯ ಸೇರಿಕೊಂಡದ್ದು ಅವತ್ತೇ. ನಮಗಾದರೆ ಕಣ್ಣು ತಪ್ಪಿದರೂ ಕಿವಿ ಎಚ್ಚರಿಸುತ್ತದೆ. ಅವನೋ ಬಯಲಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ, ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು ನಿಲ್ಲುತ್ತಾನೆ. ಮೋಡ ಕಂಡರೆ ಇನ್ನೂ ಮುಂದಕ್ಕೆ ಓಡುತ್ತಾನೆ. "ಗಂಡ ಹೋಗಿಬಿಟ್ಟರೆ ಅನ್ನೋದು ಬಿಟ್ಟು ಬೇರೇನೂ ತಲೇಲಿ ಬರಲ್ಲ ಕಣೋ, ಮೋಡ ನೋಡಿದ್ರೆ" ಎಂದು ಒಂದು ದಿನ ನನ್ನ ಹತ್ತಿರ ಹೇಳಿದಳು. ಅಣ್ಣನಿಗೆ ಬೇರೆಯದೇ ಬೇಸರ. ತಂತಿ ಏಕೆ ಸುಮ್ಮನಾಗಿದೆ, ಇವಳಿಗೆ ತನ್ನ ಹತ್ತಿರ ಮಾತು ಸಾಕಾಯಿತೇ ಎಂದು ನನ್ನನ್ನು ಕೇಳಿದ.

ಮರುವರ್ಷದ ಮಳೆಗಾಲದ ಶುರುವಿನಲ್ಲಿ ಒಂದು ಮಧ್ಯಾಹ್ನ ಹನ್ನೆರಡು ತಂತಿಗಳೂ ತುಂಬಿದ್ದವು. ಅಣ್ಣ ಹತ್ತನೆಯ ತಂತಿಯ ಆ ತುದಿಯಲ್ಲಿದ್ದ. ನಾನೂ ಅತ್ತಿಗೆಯೂ ಬಾಗಿಲ ಹತ್ತಿರ ಹಾಸುಬಟ್ಟೆಗಳ ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತಿದ್ದೆವು. ಮಿಂಚಿತು. ಅವಳು ಎಣಿಸಿದಳು, ಇಪ್ಪತ್ತೊಂದಕ್ಕೆ ಗುಡುಗಿತು. ಅಣ್ಣ ತಲೆಯೆತ್ತಿ ಮೋಡ ನೋಡಿದ, ಎಂದಿನಂತೆ ಬೇಗಬೇಗ ಬಟ್ಟೆ ಕೀಳಲು ಶುರು ಮಾಡಿದ. ಮತ್ತೆ ಮಿಂಚಿತು. ಈ ಸಲ ಹನ್ನೊಂದು.

"ತಂತಿ ಮೀಟು" ಎಂದೆ.

ಅವಳ ಕೈ ತಂತಿಯ ತನಕ ಹೋಗಿ ನಿಂತಿತು. "ಮೀಟಿದರೆ ಅವರು ತಂತೀನ ಗಟ್ಟಿಯಾಗಿ ಹಿಡ್ಕೊಂಡು ನಿಲ್ತಾರೆ" ಎಂದಳು. "ಎಷ್ಟು ಸಲ ಅಂತ ಎಣಿಸ್ತಾರೆ."

ಅದು ನನಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಅವನನ್ನು ಕರೆಯಲು ಇದ್ದ ಒಂದೇ ದಾರಿ, ಈಗ ಅವನನ್ನು ಕಬ್ಬಿಣಕ್ಕೆ ಅಂಟಿಸಿ ನಿಲ್ಲಿಸುವ ದಾರಿಯಾಗಿತ್ತು. "ನನ್ನ ಲೆಕ್ಕದ ಪ್ರಕಾರ ಹೋಗಬಾರದು" ಎಂದಳು. ಹೇಳಿದವಳೇ ಸೀರೆ ಎತ್ತಿ ಕಟ್ಟಿ ಬಯಲಿಗೆ ಓಡಿದಳು.

ಅವಳು ಓಡಿ ಬರುವುದನ್ನು ಕಂಡು ಅಣ್ಣನ ಮುಖ ಅರಳಿತು. ಮೋಡ ಕಟ್ಟಿದಾಗ ನಮ್ಮ ಬಯಲಿನಲ್ಲಿ ಯಾರಾದರೂ ಎದುರಿಗೆ ಓಡಿ ಬಂದರೆ ಅದಕ್ಕೆ ಒಂದೇ ಅರ್ಥ. ಹೆಂಡತಿ ಹಠ ಬಿಟ್ಟು ಮಳೆ ಓಟಕ್ಕೆ ಬಂದಳು ಎಂದುಕೊಂಡು, ತೋಳಿನ ತುಂಬ ಇದ್ದ ಹಾಸುಬಟ್ಟೆಗಳನ್ನು ಅವಳ ಮೇಲೆ ಎಸೆದ. ಅವಳು ಏನೋ ಹೇಳುತ್ತಿದ್ದಳು; ಏದುಸಿರು, ಮುಖದ ಮೇಲೆಲ್ಲ ಕೂದಲು, ಅವನಿಗೆ ತುಟಿ ತಿಳಿಯಲಿಲ್ಲ. ಬೇಗ ಎನ್ನುತ್ತಿದ್ದಾಳೆ ಎಂದುಕೊಂಡು ಇನ್ನೊಂದು ರಾಶಿ ಹಾಕಿದ.

ಆಗ ಅವಳು ಅಷ್ಟನ್ನೂ ಕೆಸರಿಗೆ ಎಸೆದಳು. ಅವನ ಹೆಗಲ ಮೇಲಿದ್ದದ್ದನ್ನು ಎಳೆದು ಅದನ್ನೂ ಎಸೆದಳು. ಎಸೆದು, ಅದರ ಮೇಲೆ ಎರಡೂ ಕಾಲಿಟ್ಟು ತುಳಿದಳು.

ಬಾಗಿಲಲ್ಲಿ ನಿಂತಿದ್ದ ನನಗೆ ಜೀವ ಬಾಯಿಗೆ ಬಂದಿತು, ಮಿಂಚಿಗಲ್ಲ. ನಮ್ಮ ಮನೆಯಲ್ಲಿ ಒಗೆದ ಬಟ್ಟೆಯ ಮೇಲೆ ಯಾರೂ ಕಾಲಿಟ್ಟದ್ದಿಲ್ಲ. ಅಣ್ಣನ ಕೂಗು ಹಳಿಯಾಚೆ ಕೇಳಿರಬೇಕು. ಅವಳು ತಿರುಗಿ ಬಾಗಿಲ ಕಡೆ ಓಡಿದಳು, ಅವನು ಬೈಯುತ್ತ ಅಟ್ಟಿಸಿಕೊಂಡು ಬಂದ. ಅವಳು ಒಳಗೆ ಬಂದಳು, ಅವನೂ ಬಂದ. ನಾನು ಬಾಗಿಲು ಹಾಕಿದೆ.

ಆಮೇಲೆ ಸಿಡಿಲು ಬಿತ್ತು, ಕಂಬ ಸೀಳಿತು, ತಂತಿ ಕರಗಿತು ಎಂದು ಬರೆಯಲು ನನಗೂ ಆಸೆಯಿದೆ. ಏನೂ ಆಗಲಿಲ್ಲ. ಮೋಡ ಹಾಗೇ ಹಾದುಹೋಯಿತು. ಮಳೆ ಮಾತ್ರ ಚೆನ್ನಾಗಿ ಸುರಿದು ಆಸ್ಪತ್ರೆಯ ಇನ್ನೂರು ಚಿಲ್ಲರೆ ಹಾಸುಬಟ್ಟೆಗಳೂ ತೊಪ್ಪೆಯಾದವು. ಅಣ್ಣ ಅಷ್ಟನ್ನೂ ಮತ್ತೆ ಒಗೆದ. ಅತ್ತಿಗೆ ಪಕ್ಕದಲ್ಲಿ ನಿಂತು ಹಿಂಡಿದಳು. ನಾಲ್ಕು ದಿನ ಅವನು ಮಾತಾಡಲಿಲ್ಲ. ಐದನೆಯ ದಿನ ಕೇಳಿದ, "ಎಲ್ಲಿ ಬಿತ್ತು ನಿನ್ನ ಸಿಡಿಲು?"

ಅವಳು ಕೈಯ ನೀರು ಕೊಡವಿ ಅವನ ಮುಖಕ್ಕೆ ನೇರವಾಗಿ ನಿಂತಳು. "ಬೀಳಲಿಲ್ಲ. ಬೀಳುತ್ತೋ ಇಲ್ಲವೋ ನಂಗೆ ಗೊತ್ತಿರಲಿಲ್ಲ. ಬಿದ್ದರೆ ನೀವು ಅಲ್ಲಿ ಇರಬಾರದು ಅಂತ ಅಷ್ಟೇ ಗೊತ್ತಿತ್ತು."

ಅವನು ಮುಖ ತಿರುಗಿಸಿ ಒಗೆಯಲು ಬಗ್ಗಿದ. ನಾನೂ ಒಳ್ಳೆಯವನಾಗಲಿಲ್ಲ. ಸುಮ್ಮನೆ ಇನ್ನೂರು ಬಟ್ಟೆಗೆ ನೀನು ಕೇಡು ತಂದೆ ಎಂದು ಅವಳನ್ನು ಚುಚ್ಚಿದೆ. ಆಮೇಲೆ ಅತ್ತಿಗೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದಳು. ಒಂದು ತಿಂಗಳು ನನ್ನ ಇಸ್ತ್ರಿ ಮೇಜಿನ ಮುಂದೆ ಬಂದು ಕೂತು ಎದ್ದು ಹೋಗುವಳು, ಒಂದು 'ಯಾಕೆ' ಇಲ್ಲ. ಬೇಕಾದಷ್ಟು ಸಲ ಅವಳ ಬಾಯಿಗೆ ಬೀಗ ಬೀಳಲಿ ಎಂದು ಬಯಸಿದವನು ನಾನು. ಬಿದ್ದ ಮೇಲೆ ಕೋಣೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅದೇ ಮಳೆಗಾಲದ ಕೊನೆಯಲ್ಲಿ, ಕ್ಲಿಪ್ಪು ತರಲೆಂದು ಅತ್ತಿಗೆ ಪೇಟೆಗೆ ಹೋಗಿದ್ದಳು. ಬಯಲಿನಲ್ಲಿ ಅಣ್ಣ ಒಬ್ಬನೇ, ಒಂಬತ್ತನೆಯ ತಂತಿಯ ಹತ್ತಿರ ಇದ್ದ. ನಾನು ಪ್ಯಾಂಟಿನ ಗೆರೆ ಕೂರಿಸುತ್ತಿದ್ದೆ. ಕಿಟಕಿಯಲ್ಲಿ ಬೆಳಕು ಹೊಡೆಯಿತು. ಬೈದುಕೊಳ್ಳುತ್ತಲೇ ಎಣಿಸತೊಡಗಿದೆ. ಹದಿನಾಲ್ಕಕ್ಕೆ ಗುಡುಗಿತು. ಪ್ಲಗ್ಗು ಕಿತ್ತೆ. ಈಗ ಅವನನ್ನು ಕರೆಯಬೇಕಾದವನು ನಾನು. ಬಾಗಿಲ ತನಕ ಹೋದೆ. ನಾಚಿಕೆಯಾದರೂ ಹೇಳಿಬಿಡುತ್ತೇನೆ: ಹೊಸಿಲು ದಾಟಲು ಧೈರ್ಯ ಬರಲಿಲ್ಲ. ಅತ್ತಿಗೆ ಆವತ್ತು ಏನು ಮಾಡಿದ್ದಳು ಎಂಬುದು ಆಗ ನನಗೆ ಅರ್ಥವಾಯಿತು.

ತಲೆಯೆತ್ತಿ ನೋಡಿದರೆ ಅಣ್ಣ ಆಗಲೇ ಬಯಲಿನ ಅರ್ಧ ದಾಟಿದ್ದ. ಓಡಿ ಬರುತ್ತಿದ್ದ. ಕೈಯಲ್ಲಿ ಒಂದು ಬಟ್ಟೆಯೂ ಇಲ್ಲ. ಮೋಡ ಕಟ್ಟಿದಾಗ ಅಣ್ಣ ಬರಿಗೈಯಲ್ಲಿ ಒಳಗೆ ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು.

ಬಂದವನು ಬಾಗಿಲು ಹಾಕಿ, ಕಿಟಕಿಯಿಂದ ರಸ್ತೆ ನೋಡಿದ.

"ಅವಳು ಎಲ್ಲಿರ್ತಾಳೆ ಈಗ?"

"ಎಲ್ಲಾದ್ರೂ ಒಳಗೆ ಕೂತಿರ್ತಾಳೆ. ಅವಳಿಗೆ ನಾವು ಹೇಳಬೇಕಾ?" ಎಂದೆ.

ಅವನು ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. "ಶಬ್ದ ಬಂದಾಗ ನನ್ನ ಭುಜ ತಟ್ಟು" ಎಂದ. ಮಿಂಚಿದಾಗಲೆಲ್ಲ ಅವನು ಬೆರಳು ಮಡಿಸುತ್ತ ಎಣಿಸುವುದು, ಗುಡುಗಿದಾಗ ನಾನು ತಟ್ಟುವುದು. ಒಂಬತ್ತು. ಏಳು. ಐದು. ಹೊರಗೆ ಮಳೆ ಹುಯ್ಯುತ್ತಿತ್ತು, ತಂತಿಯ ಮೇಲೆ ಒಣಗಿದ್ದ ಬಟ್ಟೆಗಳೆಲ್ಲ ನೆಂದು ಜೋತುಬಿದ್ದವು. ಅವನು ಅವುಗಳ ಕಡೆ ನೋಡಲೇ ಇಲ್ಲ. ನನ್ನ ಕಿವಿಯ ಪಕ್ಕದಲ್ಲೇ, ಎಂದಿನ ಜೋರಿನಲ್ಲಿ ಹೇಳಿದ:

"ಆವತ್ತು ಬಟ್ಟೆ ತುಳಿದಳಲ್ಲ. ಇಷ್ಟು ವರ್ಷದಲ್ಲಿ ಒಂದು ಟವೆಲ್ ನೆಲಕ್ಕೆ ಬೀಳಿಸಿದವಳಲ್ಲ ಕಣೋ ಅವಳು. ಎಷ್ಟು ಹೆದರಿದ್ದಳೋ ಏನೋ. ನಾನು ಬಟ್ಟೆ ಲೆಕ್ಕ ಹಾಕ್ತಾ ಕೂತೆ."

ಕೊನೆಯ ಗುಡುಗು ಆಯಿತು. ಮಳೆ ನಿಂತಿತು. ಹೊರಡೋಣ ಎಂದರೆ ಬಿಡಲಿಲ್ಲ. ಗಡಿಯಾರ ನೋಡುತ್ತ ಅರ್ಧ ಗಂಟೆಯೂ ನನ್ನನ್ನು ಕೂರಿಸಿದ. ಅರ್ಧ ಗಂಟೆ ತುಂಬಿದ ಮೇಲೂ ಇನ್ನಷ್ಟು ಹೊತ್ತು ಬಿಟ್ಟೇ ಬಾಗಿಲು ತೆಗೆದ.

ಅತ್ತಿಗೆ ಬಯಲಿನಲ್ಲಿದ್ದಳು. ರಸ್ತೆಯ ಕಡೆಯಿಂದ ನೇರವಾಗಿ ಅಲ್ಲಿಗೇ ಬಂದಿದ್ದಳು. ತಂತಿಗಳ ತುಂಬ ಒದ್ದೆ ಬಟ್ಟೆ ನೋಡಿದ್ದಾಳೆ, ಅಣ್ಣ ಎಲ್ಲೂ ಕಂಡಿಲ್ಲ. ನಮ್ಮ ಮನೆಯಲ್ಲಿ ಜೀವವಿರುವ ಯಾರೂ ಬಟ್ಟೆಯನ್ನು ಹಾಗೆ ಬಿಡುವುದಿಲ್ಲವಲ್ಲ. ಒಂದೊಂದೇ ಹಾಸುಬಟ್ಟೆಯನ್ನು ಎತ್ತುತ್ತಿದ್ದಳು. ಎತ್ತಿ ಅದರ ಹಿಂದೆ ನೆಲ ನೋಡುತ್ತಿದ್ದಳು. ಮತ್ತೆ ಮುಂದಿನದನ್ನು ಎತ್ತುತ್ತಿದ್ದಳು. ಪೇಟೆಯ ಚೀಲ ಎಲ್ಲೋ ಬಿದ್ದು ಕ್ಲಿಪ್ಪುಗಳು ಕೆಸರಿನಲ್ಲಿ ಚೆಲ್ಲಿದ್ದವು.

ಏನು ಹುಡುಕುತ್ತಿದ್ದಾಳೆ ಎಂದು ಅಣ್ಣನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಇಲ್ಲಿದ್ದೀನಿ" ಎಂದು ಕೂಗಿದ. "ನಾನು ಒಳಗಿದ್ದೆ."

ಅವಳು ತಿರುಗಿದಳು. ಕೈಯಲ್ಲಿ ಹಿಡಿದಿದ್ದ ಹಾಸುಬಟ್ಟೆಯ ಸಮೇತ ಅಲ್ಲೇ ಕೆಸರಿನಲ್ಲಿ ಕೂತು ಅತ್ತಳು. ನಾವಿಬ್ಬರೂ ಓಡಿದೆವು. ಅಣ್ಣ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಅಳು ಸ್ವಲ್ಪ ತಗ್ಗಿದ ಮೇಲೆ ಅವಳು ಹೇಳಿದಳು, "ನಮ್ಮ ರಸ್ತೆ ತುದೀಲಿ, ಕೊನೆ ಸ್ಟಾಪಲ್ಲಿ ನಿಂತಿದ್ದ ಬಸ್ಸಿನೊಳಗೆ ಕೂತಿದ್ದೆ. ಗುಡುಗು ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಕೂತಿದ್ದೆ. ನೀವು ಇಲ್ಲಿ ತಂತಿ ಹಿಡ್ಕೊಂಡು ನಿಂತಿದ್ದೀರಿ ಅಂತ ಗೊತ್ತಿದ್ದೂ ಕೂತಿದ್ದೆ."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ಮೂಗು ಒರೆಸಿಕೊಂಡಳು, ಅವನ ಮುಖವನ್ನು ದಿಟ್ಟಿಸಿದಳು.

"ನಿಮಗೆ ಗುಡುಗು ಕೇಳಲ್ಲ. ಎಣಿಸೋಕೆ ನಾನೂ ಇರಲಿಲ್ಲ. ಒಳಗೆ ಹೋಗಬೇಕು ಅಂತ ಹೇಗೆ ಗೊತ್ತಾಯ್ತು?"

"ಕೇಳಲ್ಲವಲ್ಲ" ಎಂದ ಅಣ್ಣ. "ಯಾವುದು ದೂರದ್ದು ಅಂತ ನಂಗೆ ತಿಳಿಯಲ್ಲ. ಅದಕ್ಕೆ ಎಲ್ಲಾ ಮಿಂಚೂ ಹತ್ತಿರದ್ದೇ ಅಂತ ಇಟ್ಕೊಂಡೆ."